ಧಾರವಾಡದಲ್ಲಿ ‘ದಿ ಲಾಡ್ಜರ್’: ಮೂಕಿ ಚಿತ್ರಕ್ಕೆ ಪೇಟಿ-ತಬಲಾ ಸಾಥ್ ಕೊಡುವ ಬಗೆ

ಲಂಡನ್ನಿನ ಮಂಜಿನಲ್ಲಿ ಹೊಂಗೂದಲಿನ ಹುಡುಗಿಯರ ಸರಣಿ ಕೊಲೆ. ಒಂದು ಮನೆಗೆ ಬಾಡಿಗೆಗೆ ಬಂದವನ ಮೇಲೆ ಎಲ್ಲರಿಗೂ ಗುಮಾನಿ. ಆಲ್‌ಫ್ರೆಡ್ ಹಿಚ್‌ಕಾಕ್‌ನ 1927ರ ಈ ಚಿತ್ರಕ್ಕೆ ನುಡಿಸುವವರಿಗೆ ಒಂದೇ ಕಟ್ಟಪ್ಪಣೆ: ಅವನು ಕೊಲೆಗಾರ ಹೌದೋ ಅಲ್ಲವೋ ಎಂಬುದನ್ನು ಪೇಟಿ (ಹಾರ್ಮೋನಿಯಂ) ಮೊದಲೇ ಹೇಳಿಬಿಡಬಾರದು.

ಮೊದಲು ವೇಗ ನೋಡಿ. ಸೆಕೆಂಡಿಗೆ 20 ಫ್ರೇಮ್‌ನಂತೆ 90 ನಿಮಿಷ ಓಡಬೇಕಾದ ಚಿತ್ರ 24ರಲ್ಲಿ 75 ನಿಮಿಷಕ್ಕೇ ಮುಗಿಯುತ್ತದೆ. ಪಾತ್ರಗಳು ಕುಣಿದಂತೆ ನಡೆಯುತ್ತವೆ, ಹೆದರಬೇಕಾದಲ್ಲಿ ಸಭೆ ನಗುತ್ತದೆ. ಬಣ್ಣಕ್ಕಾಗಿ ಪ್ರೊಜೆಕ್ಟರನ್ನು ‘ಸಿನೆಮಾ’ ಮೋಡ್‌ಗೆ ಹಾಕಿ. ರಾತ್ರಿಯ ನೀಲಿ ಛಾಯೆ, ಮನೆಯೊಳಗಿನ ಹಳದಿ ಛಾಯೆ ಹಾಗೇ ಉಳಿಯಲಿ.

ಸಂಜೆ ಆರೂವರೆಯ ಪ್ರದರ್ಶನಕ್ಕೆ ಮಾರವಾ ರಾಗ ಸರಿಹೊಂದುತ್ತದೆ. ಷಡ್ಜದ ಮೇಲೆ ನಿಲ್ಲದೆ ಕೋಮಲ ರಿಷಭ, ಶುದ್ಧ ಧೈವತಗಳಲ್ಲೇ ಸುತ್ತಾಡುವುದರಿಂದ ಸಂಶಯ ಬಗೆಹರಿಯದೆ ಉಳಿಯುತ್ತದೆ. ಮಾರವಾದಲ್ಲಿ ಪಂಚಮವಿಲ್ಲ, ಹಾಗಾಗಿ ತಂಬೂರಿಯನ್ನು ನಿಷಾದಕ್ಕೆ ಶ್ರುತಿ ಮಾಡಿ. ಕೊನೆಯ ಭಾಗದಲ್ಲಿ ಪೂರಿಯಾ ಕಲ್ಯಾಣದ ಮೂಲಕ ಯಮನ್ ರಾಗಕ್ಕೆ ಇಳಿಯಬಹುದು, ತಂಬೂರಿಯ ಶ್ರುತಿ ಬದಲಿಸಬೇಕಾಗಿಲ್ಲ. ತಬಲಾದವರು ತಿಹಾಯಿ (ಒಂದೇ ತುಣುಕನ್ನು ಮೂರು ಸಲ ನುಡಿಸಿ ತಾಳದ ಮೊದಲ ಮಾತ್ರೆಯಾದ ಸಮ್‌ಗೆ ಬರುವುದು) ಹಾಕಲೇಬಾರದು. ಧಾರವಾಡದ ಕೇಳುಗರು ಸಮ್ ಬಂದ ಕೂಡಲೇ ‘ವಾಹ್’ ಅನ್ನುತ್ತಾರೆ, ಅಲ್ಲಿಗೆ ಮಂಜು ಕರಗಿದಂತೆ.

ಅತಿ ಮುಖ್ಯವಾದ ಜಾಗ ಇದು: ಕೆಳಗೆ ಕೂತವರು ತಲೆಯೆತ್ತಿದಾಗ ತೂಗುದೀಪ ಅಲುಗಾಡುತ್ತದೆ, ಚಾವಣಿಯೇ ಗಾಜಾಗಿ ಮೇಲಿನವನು ಅತ್ತಿಂದಿತ್ತ ನಡೆದಾಡುವುದು ಕಾಣುತ್ತದೆ. ದಪ್ಪ ಗಾಜಿನ ನೆಲ ಮಾಡಿಸಿ ಕೆಳಗಿನಿಂದ ಚಿತ್ರೀಕರಿಸಿದ್ದು. ಹೆಜ್ಜೆಯ ಸಪ್ಪಳವನ್ನು ಕಣ್ಣಿಗೇ ತೋರಿಸಿದ ದೃಶ್ಯಕ್ಕೆ ತಬಲಾದಲ್ಲಿ ಹೆಜ್ಜೆ ಹಾಕಿದರೆ ಆ ಜಾಣ್ಮೆಯೆಲ್ಲ ಹಾಳು. ಇಲ್ಲಿ ತಂಬೂರಿ ಮಾತ್ರ ಸಾಕು.

ದೃಶ್ಯಗಳ ನಡುವೆ ಮೂಡುವ ಶೀರ್ಷಿಕೆ ಫಲಕಗಳನ್ನು ಕನ್ನಡದಲ್ಲಿ ಓದಲು ಒಬ್ಬರು ಸಾಕು. ಅಕ್ಷರ ಮೂಡಿದ ಮೇಲೆ ಶುರುಮಾಡಿ, ಅಳಿಯುವ ಮೊದಲೇ ಮುಗಿಸಬೇಕು. ಉದ್ದವಾದರೆ ಅನುವಾದ ಕತ್ತರಿಸಿ. ಕಂಪನಿ ನಾಟಕದ ಧಾಟಿ ಬೇಡ. ಮತ್ತೆ ಮತ್ತೆ ಮಿನುಗುವ ದೀಪದ ಬೋರ್ಡನ್ನು ಒಮ್ಮೆ ಓದಿ ಬಿಡಿ.

ಚಿತ್ರಕ್ಕೆ ಸಿಕ್ಕ ವಿಮರ್ಶೆಯ ಮಾತು ಪ್ರದರ್ಶನ ಮುಗಿದ ಮೇಲೇ ಬರಲಿ. ವಿತರಕ ಸಿ. ಎಂ. ವುಲ್ಫ್ ಇದನ್ನು ಮೂಲೆಗೆ ಹಾಕಿದ್ದರು. ಆಗ ಕರೆಸಿದ ಸಂಕಲನಕಾರ ಐವರ್ ಮೊಂಟಾಗು ಫಲಕಗಳನ್ನು ಸುಮಾರು 80ಕ್ಕೆ ಇಳಿಸಿದರು, ಕೆಲವು ದೃಶ್ಯಗಳನ್ನು ಮತ್ತೆ ತೆಗೆಸಿದರು. ಬಿಡುಗಡೆಗೆ ಮೊದಲು, 1926ರ ಸೆಪ್ಟೆಂಬರ್‌ನಲ್ಲಿ ಸಿನೆಮಾ ವ್ಯಾಪಾರಿಗಳಿಗೆ ತೋರಿಸಿದಾಗ ‘ಬಯಾಸ್ಕೋಪ್’ ಪತ್ರಿಕೆ, ಬ್ರಿಟನ್ನಿನಲ್ಲಿ ತಯಾರಾದ ಚಿತ್ರಗಳಲ್ಲೇ ಇದು ಅತ್ಯುತ್ತಮ ಇರಬಹುದು ಎಂದಿತು. ಇಷ್ಟು ಹೇಳಿ, ಇನ್ನೂ ಯಾವ ಫಲಕವಿಲ್ಲದೆ ಕಥೆ ತಿಳಿಯುತ್ತಿತ್ತು ಎಂದು ಸಭೆಯನ್ನು ಕೇಳಿ. ಆ ಸಾಲುಗಳಿಗೆ ಓದುವವರ ಪ್ರತಿಯಲ್ಲಿ ಗುರುತು ಹಾಕಿಟ್ಟು, ಮುಂದಿನ ಪ್ರದರ್ಶನದಲ್ಲಿ ಓದದೆ ಬಿಟ್ಟು ನೋಡಿ.