ಇಂಜಿನ್ ಸಾಯಲ್ಲ, ರಬ್ಬರ್ ಸಾಯುತ್ತದೆ: ಬಳ್ಳಾರಿಯಲ್ಲಿ ನನ್ನ ಹಳೆ ಬೆಂಜ್

ಬಳ್ಳಾರಿಯಲ್ಲಿ ಬೆಂಜ್ ಕಾರು ಇದೆ ಅಂದ ಕೂಡಲೇ ಜನ ಕೇಳುವುದು ಒಂದೇ, "ಮೈನ್ಸಾ?" ಅಂತ. ಅಲ್ಲ ಮಾರಾಯ್ರೆ. ನನ್ನದು ಮೋಟರ್ ವೈಂಡಿಂಗ್ ಅಂಗಡಿ. ಬೋರ್‌ವೆಲ್ ಮೋಟರ್, ಫ್ಯಾನ್, ಮಿಕ್ಸಿ, ಸುಟ್ಟದ್ದೆಲ್ಲ ನನ್ನ ಹತ್ತಿರ ಬರುತ್ತದೆ. ಕಾರು ಮಾತ್ರ ಮೈನ್ಸ್‌ನವರ ಮನೆಯಿಂದಲೇ ಬಂದದ್ದು, ಅದು ನಿಜ.

2011ರ ಜುಲೈ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತಲ್ಲ, ಆಮೇಲೆ ಊರಿನ ಲಾರಿಗಳೆಲ್ಲ ಸಾಲಾಗಿ ನಿಂತುಬಿಟ್ಟವು. ಕಂತು ಕಟ್ಟಲಾಗದವರು ಒಂದೊಂದೇ ಗಾಡಿ ಮಾರಲು ಶುರು ಮಾಡಿದರು. ನಮ್ಮ ಗಿರಾಕಿಯೊಬ್ಬರು, ಹನ್ನೆರಡು ಲಾರಿ ಇಟ್ಟಿದ್ದವರು, ಷೆಡ್ಡಿನ ಮೂಲೆಯಲ್ಲಿ ಟಾರ್ಪಾಲಿನ್ ಹೊದ್ದು ನಿಂತಿದ್ದ ಈ ಕಾರು ತೋರಿಸಿ, "ಗುಜರಿಗೆ ಹಾಕೋದಕ್ಕಿಂತ ನೀನೇ ಒಯ್ಯಪ್ಪಾ" ಅಂದರು. 1996ರ ಇ 250 ಡೀಸೆಲ್. ಈ ಬಾಡಿಗೆ ಡಬ್ಲ್ಯೂ 124 ಅಂತಾರೆ. ಮರ್ಸಿಡಿಸ್‌ನವರು 1995ರಲ್ಲಿ ಪುಣೆಯಲ್ಲಿ ಕಾರು ಜೋಡಿಸಲು ಶುರು ಮಾಡಿದಾಗ ಮೊದಲು ಹೊರಬಂದದ್ದು ಇದೇ. ಐದು ಸಿಲಿಂಡರ್, 2.5 ಲೀಟರ್ ಇಂಜಿನ್. ಟೈಮಿಂಗ್ ಬೆಲ್ಟ್ ಇಲ್ಲ, ಚೈನು. ಗಾಜಿಗೆ ಒಂದೇ ವೈಪರ್, ಅದೂ ಮೂಲೆ ಬಂದಾಗ ಕೈ ಚಾಚಿದ ಹಾಗೆ ಉದ್ದ ಆಗುತ್ತದೆ. ನಾನು ಮರುಳಾದದ್ದು ಆ ವೈಪರಿಗೇ ಅನ್ನಿಸುತ್ತದೆ.

1 ಲಕ್ಷ 40 ಸಾವಿರಕ್ಕೆ ಮಾತು ಮುಗಿಯಿತು. ಅಷ್ಟು ಕಡಿಮೆ ಯಾಕೆ ಅಂದರೆ ಆರ್‌ಸಿಯ 15 ವರ್ಷ ಮುಗಿದಿತ್ತು, ಅದನ್ನು ರಿನ್ಯೂ ಮಾಡಿಸುವ ಮನಸ್ಸು ಅವರಿಗೆ ಇರಲಿಲ್ಲ. 2012ರ ಜನವರಿಯಲ್ಲಿ ಮನೆಗೆ ತಂದೆ. ಮನೆಯಾಕಿ ಒಂದು ಸುತ್ತು ಹಾಕಿ ನೋಡಿ, "ಇದಕ್ಕೆ ಹಾಕೋ ದುಡ್ಡಿಗೆ ಮೇಲೆ ಎರಡು ರೂಮ್ ಏಳ್ತಿದ್ವು" ಅಂದಳು. ಆ ರೂಮುಗಳು ಇನ್ನೂ ಎದ್ದಿಲ್ಲ.

ಮೊದಲ ಆರು ತಿಂಗಳು ಬರೀ ತಪ್ಪು ಮಾಡಿದೆ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುತ್ತಿರಲಿಲ್ಲ. ಇಪ್ಪತ್ತು ಸೆಕೆಂಡು ಸೆಲ್ಫ್ ಹೊಡೆದರೆ ಕೆಮ್ಮಿ ಕೆಮ್ಮಿ ಎದ್ದೇಳುತ್ತಿತ್ತು, ಒಮ್ಮೆ ಎದ್ದರೆ ಸಂಜೆವರೆಗೆ ಏನೂ ತೊಂದರೆ ಇಲ್ಲ. ಬೆಂಗಳೂರಿನ ಒಂದು ಗ್ಯಾರೇಜಿಗೆ ಒಯ್ದೆ. ಅವರು ಗ್ಲೋ ಪ್ಲಗ್ (ಸ್ಟಾರ್ಟ್ ಮಾಡುವಾಗ ಇಂಜಿನ್ ಒಳಗೆ ಬಿಸಿ ಮಾಡುವ ಪ್ಲಗ್) ಐದೂ ಬದಲಿಸಿದರು. ಸರಿಹೋಗಲಿಲ್ಲ. ಆಮೇಲೆ ಕಂಪ್ರೆಷನ್ ಹೋಗಿದೆ, ಇಂಜಿನ್ ಬಿಚ್ಚಬೇಕು, 1 ಲಕ್ಷ 80 ಸಾವಿರ ಆಗುತ್ತದೆ ಅಂದರು. ಕಾರಿನ ಬೆಲೆಗಿಂತ ಜಾಸ್ತಿ! ವಾಪಸ್ ಓಡಿಸಿಕೊಂಡು ಬಂದೆ.

ಇಲ್ಲಿ ಕೌಲ್ ಬಜಾರಿನಲ್ಲಿ ಒಬ್ಬ ಹಿರಿಯ ಮೇಸ್ತ್ರಿ ಇದ್ದರು, ಲಾರಿ ಡೀಸೆಲ್ ಪಂಪ್ ಕೆಲಸದವರು. ಎಲ್ಲರಿಗೂ ಚಾಚಾ. "ಬಿಚ್ಚೋದು ಬ್ಯಾಡ ಬೇಟಾ, ಗಾಡಿ ರಾತ್ರಿ ಇಲ್ಲೇ ಬಿಡು, ಮುಂಜಾನೆ ಬಾ" ಅಂದರು. ಬೆಳಿಗ್ಗೆ ಹೋದಾಗ ಬಾನೆಟ್ ನೆಟ್ಟಗೆ ಮೇಲಕ್ಕೆ ನಿಂತಿತ್ತು. ಈ ಕಾರಿನ ಬಾನೆಟ್ 90 ಡಿಗ್ರಿ ನಿಲ್ಲುತ್ತದೆ, ಕೆಲಸ ಮಾಡುವವನಿಗೆ ಅದೊಂದು ಸುಖ. ನನ್ನ ಕೈಯಲ್ಲಿ ಕೀ ತಿರುಗಿಸಿ, ತಾವು ಡೀಸೆಲ್ ಪೈಪ್ ತೋರಿಸಿದರು. ಇದರಲ್ಲಿ ಸಣ್ಣ ಪೈಪುಗಳು ಪಾರದರ್ಶಕ ಪ್ಲಾಸ್ಟಿಕ್‌ನವು. ಒಳಗೆ ಗುಳ್ಳೆ ಗುಳ್ಳೆ ಓಡುತ್ತಿತ್ತು, ಸೋಡಾ ಬಾಟಲಿಯ ಹಾಗೆ.

ಕಥೆ ಇಷ್ಟೇ. ಆ ಪೈಪಿನ ತುದಿಗಳಲ್ಲಿ ಬೆರಳ ಉಗುರಿಗಿಂತ ಸಣ್ಣ ಓ-ರಿಂಗ್‌ಗಳಿವೆ. ಹದಿನೈದು ವರ್ಷದ ಬಿಸಿಗೆ ಅವು ಕಲ್ಲಾಗಿದ್ದವು. ಡೀಸೆಲ್ ಹೊರಗೆ ಸೋರುವುದಿಲ್ಲ, ಆದರೆ ಗಾಡಿ ನಿಂತಾಗ ಗಾಳಿ ಒಳಗೆ ನುಗ್ಗುತ್ತದೆ. ರಾತ್ರಿಯಿಡೀ ಡೀಸೆಲ್ ಟ್ಯಾಂಕಿಗೆ ಇಳಿದುಹೋಗುತ್ತದೆ. ಬೆಳಿಗ್ಗೆ ಪಂಪ್ ಗಾಳಿ ಎಳೆಯುತ್ತಾ ಕೂರುತ್ತದೆ. 1 ಲಕ್ಷ 80 ಸಾವಿರದ ಕಾಯಿಲೆಗೆ ಮದ್ದು ಒಂದು ಹಿಡಿ ರಬ್ಬರ್ ಉಂಗುರ.

ಅಲ್ಲೂ ನಾನು ಜಾಣತನ ತೋರಿಸಲು ಹೋದೆ. ಅಂಗಡಿಯಲ್ಲಿ ಸಬ್‌ಮರ್ಸಿಬಲ್ ಮೋಟರಿನ ಓ-ರಿಂಗ್ ಡಬ್ಬಿ ಇತ್ತಲ್ಲ, ಅಳತೆ ನೋಡಿ ಅದನ್ನೇ ಹಾಕಿದೆ. ಎರಡು ತಿಂಗಳು ಚೆನ್ನಾಗಿತ್ತು. ಆಮೇಲೆ ಬಿಚ್ಚಿ ನೋಡಿದರೆ ನೆನೆಸಿದ ಕಡಲೆಯ ಹಾಗೆ ಊದಿಕೊಂಡಿದ್ದವು. ನೀರಿಗೆ ಮಾಡಿದ ರಬ್ಬರ್ ಡೀಸೆಲ್ ತಡೆಯಲ್ಲ. ವೈಟಾನ್ ಅಂತ ಕೇಳಿ ತರಬೇಕು, ಬಿಸಿಗೂ ಆಗುತ್ತದೆ, ಎಣ್ಣೆಗೂ ಆಗುತ್ತದೆ. ಬೆಲೆ ಜಾಸ್ತಿ ಅಂದರೂ ಎಷ್ಟು ಜಾಸ್ತಿ? ಅವತ್ತು ಹಾಕಿದ ವೈಟಾನ್ ಉಂಗುರಗಳು ಎಂಟು ವರ್ಷ ಬಂದವು.

ಅವತ್ತಿನಿಂದ ನನಗೆ ಒಂದು ತಿಳಿಯಿತು. ಈ ಕಾರಿನಲ್ಲಿ ಕಬ್ಬಿಣದ ಕೆಲಸ ಇಲ್ಲ, ರಬ್ಬರಿನ ಕೆಲಸ ಇದೆ. ಕಬ್ಬಿಣದ ಊರಿನಲ್ಲಿ ಕೂತು ಇದನ್ನು ಹೇಳಬೇಕಾಗಿ ಬಂದಿದೆ ನೋಡಿ. ನಮ್ಮಲ್ಲಿ ಬೇಸಿಗೆ, ಕಡು ಬೇಸಿಗೆ ಅಂತ ಎರಡೇ ಕಾಲ ಅಂತ ತಮಾಷೆ ಮಾಡುತ್ತಾರಲ್ವಾ, ಅದು ರಬ್ಬರಿಗೆ ತಮಾಷೆ ಅಲ್ಲ. ಏಪ್ರಿಲ್-ಮೇನಲ್ಲಿ 42 ಡಿಗ್ರಿ ಮುಟ್ಟುವ ದಿನ ಡಾಂಬರು ರಸ್ತೆ ಮೇಲೆ ನಿಂತ ಗಾಡಿಯ ಬಾನೆಟ್ ಒಳಗೆ ಎಷ್ಟು ಬಿಸಿ ಇರಬೇಡ.

ಎರಡನೇ ಪಾಠ ಒಂದು ಮದುವೆ ಛತ್ರದ ಮುಂದೆ. ಕೀ ತೆಗೆದು ಜೇಬಿಗೆ ಹಾಕಿಕೊಂಡೆ, ಇಂಜಿನ್ ಓಡುತ್ತಲೇ ಇದೆ! ಸುತ್ತ ಜನ ಸೇರಿದರು. "ಅಣ್ಣಾ, ಗಾಡಿಗೆ ದೆವ್ವ ಹೊಕ್ಕೈತಿ" ಅಂತ ಒಬ್ಬ ಹುಡುಗ. ಈ ಡೀಸೆಲ್ ಇಂಜಿನ್ ನಿಲ್ಲುವುದು ವ್ಯಾಕ್ಯೂಮ್‌ನಿಂದ, ಅಂದರೆ ನಳಿಕೆಯಲ್ಲಿ ಗಾಳಿ ಹೀರುವ ಎಳೆತದಿಂದ, ಕರೆಂಟ್ ತೆಗೆದರೆ ನಿಲ್ಲುವ ಗಿರಾಕಿ ಅಲ್ಲ. ನಾಲ್ಕನೇ ಗೇರಿಗೆ ಹಾಕಿ, ಬ್ರೇಕ್ ಒತ್ತಿ ಹಿಡಿದು, ಕ್ಲಚ್ ಬಿಟ್ಟೆ. ಒಮ್ಮೆ ಕುಲುಕಿ ಬಂದ್ ಆಯಿತು. ಮರುದಿನ ಹುಡುಕಿದರೆ ವ್ಯಾಕ್ಯೂಮ್ ನಳಿಕೆಯ ಒಂದು ಬಾಗಿದ ರಬ್ಬರ್ ಜೋಡಣೆ (ಎಲ್ಬೋ) ಸೀಳಿತ್ತು. ಎಲ್ಲಿ ಸೋರುತ್ತದೆ ಅಂತ ಹುಡುಕಲು ಕೈಯಲ್ಲಿ ಒತ್ತುವ ವ್ಯಾಕ್ಯೂಮ್ ಪಂಪ್ ಒಂದು ಕೊಂಡೆ. ಹಳೆ ಡೀಸೆಲ್ ಬೆಂಜ್ ಇಟ್ಟವರು ಮೊದಲು ಕೊಳ್ಳಬೇಕಾದದ್ದು ಅದನ್ನೇ, ಪಾಲಿಶ್ ಆಮೇಲೆ.

ಕೆಳಗಡೆ ಸಸ್ಪೆನ್ಷನ್ನಿನ ರಬ್ಬರ್ ಬುಷ್‌ಗಳು, ಪ್ರೊಪೆಲ್ಲರ್ ಶಾಫ್ಟಿನ ರಬ್ಬರ್ ಡಿಸ್ಕ್, ಕೂಲೆಂಟ್ ಹೋಸ್, ಎಲ್ಲ ಸರದಿ ಪ್ರಕಾರ ಬಂದವು. ಒಂದೊಂದನ್ನೂ ಹೇಳುತ್ತಾ ಕೂರುವುದಿಲ್ಲ. ಒಂದೇ ಮಾತು, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಗ್ಗಕ್ಕೆ ತಂದ ಬುಷ್ ಹನ್ನೊಂದು ತಿಂಗಳಿಗೆ ಹೋಯಿತು. ಮತ್ತೆ ಬಿಚ್ಚುವ ಕೂಲಿ, ಮತ್ತೆ ಅಲೈನ್‌ಮೆಂಟ್. ಅಗ್ಗದ್ದು ಎರಡು ಸಲ ತುಟ್ಟಿ ಆಯಿತು.

ಬ್ಲೋವರ್ ವಿಷಯ ಮಾತ್ರ ಹೇಳಲೇಬೇಕು, ಯಾಕೆಂದರೆ ಅದು ನನ್ನ ಸ್ವಂತ ಕಸುಬು. 2013ರ ಬೇಸಿಗೆಯಲ್ಲಿ ಏಸಿ ಗಾಳಿ ಕಡಿಮೆ ಆಗಿ ಕೊನೆಗೆ ನಿಂತೇ ಹೋಯಿತು. ಹೊಸ ಬ್ಲೋವರ್ ಮೋಟರಿನ ಬೆಲೆ ಕೇಳಿ ಫೋನ್ ಇಟ್ಟುಬಿಟ್ಟೆ. ಗಾಜಿನ ಕೆಳಗಿನ ಗೂಡಿನಲ್ಲಿದೆ ಅದು, ವೈಪರ್ ಜೋಡಣೆ ಪೂರ್ತಿ ಬಿಚ್ಚದೆ ಕೈ ಹೋಗಲ್ಲ. ಭಾನುವಾರ ಕೂತು ಬಿಚ್ಚಿದೆ. ಒಳಗೆ ಮುಕ್ಕಾಲು ಕೆಜಿ ಕೆಂಪು ಧೂಳು! ಸಂಡೂರು ರಸ್ತೆಯ ಅದಿರು ಅಷ್ಟೂ ವರ್ಷ ಸೇರಿ ಸೇರಿ ಕೂತಿತ್ತು. ಮಾರಲು ಹೋಗಿದ್ದರೆ ಪರ್ಮಿಟ್ ಕೇಳುತ್ತಿದ್ದರೇನೋ. ಮೋಟರಿನಲ್ಲಿ ಸವೆದದ್ದು ಕಾರ್ಬನ್ ಬ್ರಷ್ ಎರಡೇ. ನಾನು ದಿನಾ ಡ್ರಿಲ್ಲಿಂಗ್ ಮಷಿನ್‌ಗೆ ಹಾಕುವ ಕಾರ್ಬನ್ನೇ ತೆಗೆದು, ಕಾನಸಿನಲ್ಲಿ ಉಜ್ಜಿ ಅಳತೆಗೆ ತಂದೆ. ಕಮ್ಯುಟೇಟರ್ (ಬ್ರಷ್ ತಾಗಿ ತಿರುಗುವ ತಾಮ್ರದ ಭಾಗ) ಸಣ್ಣ ಮರಳು ಕಾಗದದಿಂದ ಉಜ್ಜಿ, ಮೋಟರಿನ ಬುಷ್‌ಗೆ ಎರಡು ಹನಿ ಎಣ್ಣೆ ಬಿಟ್ಟೆ. ಖರ್ಚು 60 ರೂಪಾಯಿ. ಹನ್ನೆರಡು ವರ್ಷದಲ್ಲಿ ಇನ್ನೊಮ್ಮೆ ಮಾತ್ರ ಬದಲಿಸಿದ್ದೇನೆ. ಆ ಗೂಡಿನ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿದೆ, ಅದನ್ನು ತಿಂಗಳಿಗೊಮ್ಮೆ ಕೊಡವುತ್ತೇನೆ.

ಸೀಟು ಹರಿದಾಗ ನಮ್ಮೂರ ಜೀನ್ಸ್ ಹೊಲಿಯುವವರ ಹತ್ತಿರ ಒಯ್ದೆ. ದಪ್ಪ ದಾರ, ದಪ್ಪ ಸೂಜಿ, ಜೋಡಿ ಹೊಲಿಗೆ. ಕಾರ್ ಸೀಟಿನವರು ಕೇಳಿದ ಕಾಲು ಭಾಗಕ್ಕೆ ಮುಗಿಯಿತು. ಹತ್ತಿರದಿಂದ ನೋಡಿದರೆ ಪ್ಯಾಂಟಿನ ಜೇಬಿನ ಹಾಗೆ ಕಾಣುತ್ತದೆ, ಇರಲಿ.

ಕಾಗದ ಪತ್ರದ ಕಥೆ ಬೇರೆ. 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂ, ಜೊತೆಗೆ ಗ್ರೀನ್ ಟ್ಯಾಕ್ಸ್. ದೆಹಲಿಯಲ್ಲಿ 10 ವರ್ಷದ ಡೀಸೆಲ್ ಓಡಿಸಬಾರದು ಅಂತ ಕೇಳಿ ನಮ್ಮಲ್ಲೂ ಹಾಗೇ ಅಂದುಕೊಂಡವರು ಬಹಳ ಜನ, ಆ ನಿಯಮ ಅಲ್ಲಿನದು. 2022ರ ಏಪ್ರಿಲ್‌ನಿಂದ ಹಳೆ ಕಾರಿನ ರಿನ್ಯೂ ಫೀಸು 600ರಿಂದ 5000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದರು. ನನ್ನದು 2027ಕ್ಕೆ ಬರುತ್ತದೆ. ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸುವ ಮೊದಲು ಏರ್ ಫಿಲ್ಟರ್ ಹೊಸದು, ಎಣ್ಣೆ ಹೊಸದು, ಕೆಎ 34 ನಂಬರ್ ಪ್ಲೇಟ್ ಒರೆಸಿದ್ದು, ಅಷ್ಟು ಮಾಡಿಕೊಂಡು ಹೋದರೆ ತಕರಾರು ಇಲ್ಲ.

ಡೈರಿಯಲ್ಲಿ ಎಲ್ಲ ಬರೆದಿಟ್ಟಿದ್ದೇನೆ. ಡೀಸೆಲ್, ಟೈರ್, ಇನ್ಶೂರೆನ್ಸ್ ಬಿಟ್ಟು ಇಲ್ಲಿಯವರೆಗೆ 4 ಲಕ್ಷ 70 ಸಾವಿರ. ಅದರಲ್ಲಿ 1 ಲಕ್ಷ 90 ಸಾವಿರ ಮೊದಲ ಎರಡೇ ವರ್ಷದ್ದು, ಅಂದರೆ ನನಗೆ ಬುದ್ಧಿ ಬರುವ ಮೊದಲಿನದು. ಎಣ್ಣೆ ಸುಮಾರು 7 ಲೀಟರ್ ಹಿಡಿಯುತ್ತದೆ, 7000 ಕಿಲೋಮೀಟರಿಗೆ ಬದಲಿಸುತ್ತೇನೆ, ಧೂಳಿನ ಊರಿನಲ್ಲಿ ಅದಕ್ಕಿಂತ ತಡ ಮಾಡಬಾರದು. ಮೈಲೇಜ್ ಊರೊಳಗೆ ಲೀಟರಿಗೆ 11 ಕಿಲೋಮೀಟರ್, ಹೊಸಪೇಟೆ ದಾಟಿ ಕೊಪ್ಪಳದ ಕಡೆ ಹೋದರೆ 15. ಓಡುವಾಗ ಆಯಿಲ್ ಪ್ರೆಷರ್ ಮುಳ್ಳು ಇವತ್ತಿಗೂ ಮೀಟರಿನ ತುದಿಯ 3ಕ್ಕೆ ಅಂಟಿಕೊಂಡೇ ಇರುತ್ತದೆ. ಆ ಮುಳ್ಳು ಇಳಿಯುವವರೆಗೆ ಯಾರು ಬಂದು ಇಂಜಿನ್ ಬಿಚ್ಚಬೇಕು ಅಂದರೂ ಕೇಳಲ್ಲ.

ಸದ್ಯಕ್ಕೆ ಇಂಜಿನ್ ಹೊರುವ ಬಲಗಡೆಯ ಮೌಂಟ್ ಕುಸಿದಿದೆ. ಸಿಗ್ನಲ್‌ನಲ್ಲಿ ನಿಂತಾಗ ಸ್ಟೇರಿಂಗ್ ನಡುಗುತ್ತದೆ, ಮುಂದಿಟ್ಟ ಗಣಪತಿಯೂ ನಡುಗುತ್ತಾನೆ. ಅದೂ ರಬ್ಬರೇ. ಪಾರ್ಸೆಲ್ ಗುರುವಾರ ಬರುತ್ತದೆ ಅಂದಿದ್ದಾರೆ.