ಆರು ಸ್ಕ್ರೂ, ಒಂದು ಕೋಬಾಟ್, ಕೇಳಿಸದ ಬಜರ್

ಕೋಬಾಟ್, ಅಂದರೆ ಮನುಷ್ಯರ ಪಕ್ಕದಲ್ಲೇ ಕೆಲಸ ಮಾಡುವ ರೋಬಾಟ್ ಕೈ, ಬಂದ ದಿನವೇ ಪೆಟ್ಟಿಗೆ ಬಿಚ್ಚಿ, ಮೇಜಿಗೆ ಬೋಲ್ಟ್ ಹಾಕಿ, ಸಂಜೆಯೊಳಗೆ ಅದನ್ನು ಆಡಿಸಿ ತೋರಿಸಿದ್ದೆ. ಮುಕ್ಕಾಲು ಕೆಲಸ ಮುಗಿಯಿತು ಅಂದುಕೊಂಡೆ. ಆ ಮೇಜನ್ನು, ಅಂದರೆ ಸ್ಟೇಷನ್ನನ್ನು, ಕಾರ್ಖಾನೆಯ ಲೈನಿಗೆ ಒಪ್ಪಿಸಲು ಹನ್ನೊಂದು ವಾರ ಹಿಡಿಯಿತು.

ಕೆಲಸ ಕೇಳಲು ಸಣ್ಣದು. ಅಲ್ಯೂಮಿನಿಯಂ ಡಬ್ಬಿಯ ಮುಚ್ಚಳಕ್ಕೆ ಆರು ಎಂ4 (ನಾಲ್ಕು ಮಿಲಿಮೀಟರ್ ದಪ್ಪದ) ಸ್ಕ್ರೂ. ಆಪರೇಟರ್ ಒಳಗಿನ ವೈರಿಂಗ್ ಮುಗಿಸಿ ಮುಚ್ಚಳ ಇಡಬೇಕು, ಪಕ್ಕದಲ್ಲೇ ನಿಂತ ಕೋಬಾಟ್ ಬಿಗಿಯಬೇಕು. ನಡುವೆ ಬೇಲಿ ಇಲ್ಲ. ದಿನವಿಡೀ ಸ್ಕ್ರೂ ತಿರುಗಿಸಿ ಮಣಿಕಟ್ಟು ನೋಯಿಸಿಕೊಳ್ಳುವುದು ತಪ್ಪಲಿ ಅನ್ನುವುದು ಒಂದು ಕಾರಣ. ಇಬ್ಬರು ಮಾಡುವುದನ್ನು ಒಬ್ಬರಲ್ಲಿ ಮುಗಿಸೋಣ ಅನ್ನುವುದೂ ಕಾಗದದ ಮೇಲಿತ್ತು. ಅದನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ. ಕಡೆಗೆ ಒಬ್ಬರು ಬೇರೆ ವಿಭಾಗಕ್ಕೆ ಹೋದರು, ಖುಷಿಯಿಂದೇನೂ ಹೋಗಲಿಲ್ಲ.

ಕೋಬಾಟ್ ಅನ್ನುವ ಹೆಸರಿನ ಹಿಂದೊಂದು ತಮಾಷೆಯಿದೆ. 1996ರ ಹೊತ್ತಿಗೆ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಕೋಲ್ಗೇಟ್ ಮತ್ತು ಪೆಶ್ಕಿನ್ ಕಟ್ಟಿದ ಮೊದಲ ಕೋಬಾಟ್‌ಗಳು ತಾವಾಗಿ ಚಲಿಸುತ್ತಿರಲಿಲ್ಲ. ತಳ್ಳುವ ಬಲ ಮನುಷ್ಯನದು, ದಾರಿ ತಪ್ಪದಂತೆ ನೋಡಿಕೊಳ್ಳುವುದಷ್ಟೇ ಕಂಪ್ಯೂಟರಿನ ಪಾಲು. 2008ರಲ್ಲಿ ಡೆನ್ಮಾರ್ಕಿನ ಯೂನಿವರ್ಸಲ್ ರೋಬಾಟ್ಸ್ ತನ್ನ ಮೊದಲ ಕೋಬಾಟ್ ಮಾರಿತು. ಆಮೇಲಾಮೇಲೆ ಮೋಟಾರಿನಿಂದ ಓಡುವ ಕೈಗಳಿಗೇ ಆ ಹೆಸರು ಅಂಟಿಕೊಂಡಿತು. ಹೆಸರು ಕೇಳಿದವರು "ಮುಟ್ಟಿದರೆ ನಿಂತುಬಿಡುತ್ತೆ, ಏನೂ ಆಗಲ್ಲ" ಅನ್ನುತ್ತಾರೆ. ನಾನೂ ಹಾಗೇ ಅನ್ನುತ್ತಿದ್ದೆ.

ನಿಲ್ಲುವುದು ನಿಜ. ಆದರೆ ಕೈ ಎಷ್ಟೇ ಸಾಧುವಾದರೂ ಅದರ ತುದಿಗೆ ಸ್ಕ್ರೂಡ್ರೈವರ್ ಬಿಟ್ ಕಟ್ಟಿದ ಮೇಲೆ ಆ ಸಾಧುತನ ಎಲ್ಲಿ ಉಳಿಯುತ್ತದೆ? ಐಎಸ್‌ಒ/ಟಿಎಸ್ 15066 ಅಂತ 2016ರಲ್ಲಿ ಬಂದ, ಕೋಬಾಟ್ ಸುರಕ್ಷತೆಯ ಅಂತರರಾಷ್ಟ್ರೀಯ ದಾಖಲೆಯೊಂದಿದೆ. ಅದರ ಸಾರವನ್ನು 2025ರಲ್ಲಿ ರೋಬಾಟ್ ಸುರಕ್ಷತೆಯ ಪರಿಷ್ಕೃತ ಮಾನದಂಡವಾದ ಐಎಸ್‌ಒ 10218ರೊಳಗೆ ಸೇರಿಸಿದ್ದಾರೆ. ದೇಹದ ಯಾವ ಭಾಗ ಎಷ್ಟು ಒತ್ತಡ ತಾಳುತ್ತದೆ ಅನ್ನುವ ಪಟ್ಟಿ ಅದರಲ್ಲಿದೆ. ಕೈಬೆರಳು ಸಿಕ್ಕಿಕೊಂಡರೆ 140 ನ್ಯೂಟನ್ ಬಲದ ಗಡಿ. ಕೆನ್ನೆಗೆ 65. ಬಲಕ್ಕೊಂದು ಗಡಿಯಾದರೆ, ಚೂಪು ತುದಿ ಚುಚ್ಚಿದಾಗ ಬೀಳುವ ಒತ್ತಡಕ್ಕೆ ಬೇರೆಯೇ ಗಡಿ. ಅಳೆಯುವ ಯಂತ್ರ ಇಟ್ಟು ನೋಡಿದರೆ ನನ್ನ ಬಿಟ್ ಎರಡನ್ನೂ ದಾಟಿತ್ತು. ವೇಗ ಇಳಿಸಿದೆ. ಬಿಟ್ಟಿನ ಸುತ್ತ ಸ್ಪ್ರಿಂಗ್ ಮೇಲೆ ನಿಂತ ಪ್ಲಾಸ್ಟಿಕ್ ಕೊಳವೆಯೊಂದನ್ನು ಕೂರಿಸಿದೆ. ಸ್ಕ್ರೂ ಮೇಲೆ ಒತ್ತಿದಾಗ ಅದು ಹಿಂದೆ ಸರಿಯುತ್ತದೆ, ಉಳಿದ ಹೊತ್ತು ಬಿಟ್ ಹೊರಗೆ ಕಾಣುವುದೇ ಇಲ್ಲ. ಇದಕ್ಕೇ ಎರಡು ವಾರ ಹೋಯಿತು.

ಆಮೇಲೆ ಶುರುವಾಯಿತು ಕ್ರಾಸ್ ಥ್ರೆಡ್ ಕಾಟ. ನಾಲ್ಕು ಡಬ್ಬಿಗೊಂದರಲ್ಲಿ ಸ್ಕ್ರೂ ವಾರೆಯಾಗಿ ಕೂತು ಅಲ್ಯೂಮಿನಿಯಂ ಥ್ರೆಡ್ ಹಾಳಾಗುತ್ತಿತ್ತು. ಟಾರ್ಕ್ (ತಿರುಗಿಸುವ ಬಲ) ಬದಲಿಸಿದೆ, ವೇಗ ಬದಲಿಸಿದೆ, ಡಬ್ಬಿಯನ್ನು ಹಿಡಿದಿಡುವ ಫಿಕ್ಸ್ಚರ್ ಮತ್ತೆ ಅಳೆದೆ. ಆ ಸ್ಟೇಷನ್ನಿನ ಆಪರೇಟರ್‌ಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ನಾನು ಕೋಬಾಟ್ ನಡೆಸುವ ಪೆಂಡೆಂಟ್ ಹಿಡಿದು ಒದ್ದಾಡುವುದನ್ನು ಎರಡು ದಿನ ನೋಡಿದರು. ಮೂರನೆಯ ದಿನ ನನ್ನ ಹೆಗಲು ತಟ್ಟಿ, ಹ್ಯಾಂಡ್ ಡ್ರೈವರ್ ತೆಗೆದುಕೊಂಡು ಸ್ಕ್ರೂವನ್ನು ತೂತಿನ ಮೇಲಿಟ್ಟು ಎಡಕ್ಕೆ ತಿರುಗಿಸಿದರು. ಬಿಚ್ಚುವ ದಿಕ್ಕಿಗೆ! ನನ್ನ ಬೆರಳನ್ನು ಸ್ಕ್ರೂ ತಲೆಯ ಪಕ್ಕ ಇರಿಸಿಕೊಂಡು ಇನ್ನೊಮ್ಮೆ ತಿರುಗಿಸಿದರು. ಮುಕ್ಕಾಲು ಸುತ್ತು ಆಗುತ್ತಿದ್ದಂತೆ ಸ್ಕ್ರೂ ಕೂದಲೆಳೆಯಷ್ಟು ಕೆಳಕ್ಕೆ 'ಟಕ್' ಅಂತ ಇಳಿದದ್ದು ಬೆರಳಿಗೆ ತಿಳಿಯಿತು. ಅಲ್ಲಿ ಥ್ರೆಡ್ಡಿನ ಬಾಯಿ ಸಿಕ್ಕಿತು ಅಂತ ಅರ್ಥ. ಅಲ್ಲಿಂದ ಬಲಕ್ಕೆ ತಿರುಗಿಸಿದರೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು.

ಹಳೆಯ ಫಿಟ್ಟರ್‌ಗಳಿಗೆಲ್ಲ ಗೊತ್ತಿರುವ ಉಪಾಯ. ಕೈಯಲ್ಲಿ ಮಾಡುವಾಗ ನಾನೂ ಮಾಡುತ್ತೇನೆ. ಪ್ರೋಗ್ರಾಂ ಬರೆಯಲು ಕೂತಾಗ ಮಾತ್ರ ಹೊಳೆಯಲಿಲ್ಲ. ಅದನ್ನೇ ಹಾಗೆಯೇ ಬರೆದೆ: ಹಗುರವಾಗಿ ಒತ್ತು, ನಿಧಾನಕ್ಕೆ ಉಲ್ಟಾ ತಿರುಗಿಸು, ಕೋಬಾಟ್ ಕೈಯ ಎತ್ತರ ಒಮ್ಮೆಲೇ ಒಂದಿಷ್ಟು ಕುಸಿದರೆ ನಿಲ್ಲು, ಆಮೇಲೆ ಬಿಗಿ. ಎಂ4ರ ಪಿಚ್, ಅಂದರೆ ಒಂದು ಸುತ್ತಿಗೆ ಸ್ಕ್ರೂ ಇಳಿಯುವ ದೂರ, 0.7 ಮಿಲಿಮೀಟರ್. ಹಾಗಾಗಿ ಆ ಕುಸಿತವನ್ನು ಗುರುತು ಹಿಡಿಯುವುದು ಸೆನ್ಸರಿಗೆ ಕಷ್ಟವಲ್ಲ. ಪ್ರತಿ ಸ್ಕ್ರೂಗೆ ಒಂದೂವರೆ ಸೆಕೆಂಡು ಜಾಸ್ತಿ ಆಯಿತು, ಸೈಕಲ್ ಟೈಮ್ (ಒಂದು ಡಬ್ಬಿಗೆ ಹಿಡಿಯುವ ಸಮಯ) ಬಗ್ಗೆ ನನಗೆ ಬೈಗುಳವೂ ಬಿತ್ತು. ಥ್ರೆಡ್ ಹಾಳಾಗುವುದು ನಿಂತಿತು.

ಇಷ್ಟಾದ ಮೇಲೂ ನಾನು ಮಾಡಿದ ದೊಡ್ಡ ಎಡವಟ್ಟು ಬಜರ್‌ದು. ಕೋಬಾಟ್ ನಿಂತು ಮತ್ತೆ ಶುರುವಾಗುವ ಮುಂಚೆ ಎರಡು ಸಲ 'ಪೀಂ' ಅನ್ನುವಂತೆ ಮಾಡಿದ್ದೆ. ತಲೆಯ ಮೇಲೆ ಎಚ್ಚರಿಕೆಯ ಟವರ್ ಲ್ಯಾಂಪ್. ಚೆಕ್‌ಲಿಸ್ಟ್ ಪ್ರಕಾರ ಎಲ್ಲ ಸರಿ. ಕಿವಿ ಕೇಳಿಸದ ಆ ಆಪರೇಟರ್ ಜೊತೆ ಆರು ವಾರ ಕೆಲಸ ಮಾಡಿಯೂ ಆ ಬಜರ್ ಯಾರಿಗಾಗಿ ಅಂತ ಯೋಚಿಸಿರಲಿಲ್ಲ. ಒಂದು ಮಧ್ಯಾಹ್ನ ಅವರು ಸ್ಕ್ರೂ ಟ್ರೇಗೆ ಕೈ ಹಾಕಿದ್ದರು, ತಲೆ ಬಗ್ಗಿತ್ತು. ಬಜರ್ ಆಯಿತು, ಕೋಬಾಟ್ ಕೈ ಹೊರಟಿತು, ಅವರ ಮೊಣಕೈಗೆ ತಾಗಿ ನಿಂತಿತು. ಗಾಯವೇನೂ ಆಗಲಿಲ್ಲ, ಬಲದ ಲೆಕ್ಕವೂ ಗಡಿಯೊಳಗೇ ಇತ್ತು. ಆದರೆ ಅದಾದ ಮೂರು ದಿನ ಅವರು ಮೇಜಿನಿಂದ ಒಂದು ಹೆಜ್ಜೆ ಹಿಂದೆ ನಿಂತೇ ಕೆಲಸ ಮಾಡಿದರು. ಪೂರ್ತಿ ಚಾಚಿದ ತೋಳಿನಲ್ಲಿ ವೈರಿಂಗ್ ಮಾಡಿದರೆ ಹೆಗಲಿನ ಗತಿ ಏನು?

ದುಭಾಷಿಯೊಬ್ಬರನ್ನು ಅರ್ಧ ದಿನ ಕರೆಸಿ, ಸ್ಟೇಷನ್ ಪಕ್ಕದಲ್ಲೇ ಕೂತು ಕೇಳಿದೆವು. ಮೊದಲ ದಿನವೇ ಕರೆಸಬೇಕಿತ್ತು. ಆಪರೇಟರ್ ಹೇಳಿದ್ದು ನೇರವಾಗಿತ್ತು: ದೀಪ ನನ್ನ ತಲೆಯ ಮೇಲಿದೆ, ನನ್ನ ಕಣ್ಣು ಡಬ್ಬಿಯ ಮೇಲಿದೆ. ಕೋಬಾಟ್ ಯಾವಾಗ ಹೊರಡಬೇಕು ಅನ್ನುವುದನ್ನು ನಾನು ಹೇಳುತ್ತೇನೆ.

ಎಲ್‌ಇಡಿ ಪಟ್ಟಿಯನ್ನು ಫಿಕ್ಸ್ಚರಿನ ಅಂಚಿಗೇ ಅಂಟಿಸಿದೆ. ಸಂಜೆ ಪಾಳಿಯ ಇನ್ನೊಬ್ಬರಿಗೆ ಕೆಂಪು ಹಸಿರಿನ ಗೊಂದಲ ಇರುವುದು ಆಗಲೇ ಗೊತ್ತಾದದ್ದು. ಹಾಗಾಗಿ ಬಣ್ಣದ ಜೊತೆಗೆ ಮಿನುಗುವ ರೀತಿಯನ್ನೂ ಬೇರೆ ಬೇರೆ ಮಾಡಿದೆ. ಸ್ಥಿರವಾಗಿ ಉರಿದರೆ ನಿಂತಿದೆ, ನಿಧಾನಕ್ಕೆ ಮಿನುಗಿದರೆ ಹೊರಡಲಿದೆ, ಓಡುವ ಬೆಳಕಾದರೆ ಚಲಿಸುತ್ತಿದೆ. ನಿಂತ ಮೇಲೆ ಮತ್ತೆ ಹೊರಡಲು ಅಂಗೈ ಅಗಲದ ಗುಂಡಿಯೊಂದನ್ನು ಅವರೇ ಒತ್ತಬೇಕು. ಒತ್ತಿದ ಮೇಲೂ ಮೊದಲ ಒಂದು ಸೆಕೆಂಡು ಕೈ ಆಮೆಯಂತೆ ಹೊರಡುತ್ತದೆ. ಬಜರನ್ನು ಕಿತ್ತುಹಾಕಿದೆ. ಕೇಳಿಸುವವರೂ ಅದು ಹೋಯಿತಲ್ಲ ಅಂತ ನೆಮ್ಮದಿಪಟ್ಟರು.

ಆರನೆಯ ಸ್ಕ್ರೂ ಇವತ್ತಿಗೂ ಕೋಬಾಟ್‌ಗೆ ಒಗ್ಗಿಲ್ಲ. ಆ ಮೂಲೆಯಲ್ಲಿ ಕನೆಕ್ಟರ್ ಇರುವುದರಿಂದ ಪ್ಲಾಸ್ಟಿಕ್ ಕೊಳವೆ ತಗಲುತ್ತದೆ. ಆ ಒಂದನ್ನು ಅವರು ಕೈಯಿಂದಲೇ ಮೊದಲು ಹಾಕುತ್ತಾರೆ. ಎಡಕ್ಕೆ ಮುಕ್ಕಾಲು ಸುತ್ತು, ಬಲಕ್ಕೆ ಬಿಗಿ, ಆಮೇಲೆ ಗುಂಡಿ.