ಬ್ರಿಟಿಷರ ಕಾಲದ ಗೆಜೆಟ್ ಓದುವುದು ಹೇಗೆ: ಪಿಜ್ಜನ ಲೈಸೆನ್ಸು, ಟೆಲಿಫೋನಿನ ಬಾಡಿಗೆ

ನಮ್ಮ ಅಜ್ಜನ ಅಪ್ಪ, ನಮ್ಮ ಕಡೆ ಪಿಜ್ಜ ಅಂತೇವೆ, ಉಡುಪಿ ಮುನ್ಸೀಫ್ ಕೋರ್ಟಿನಲ್ಲಿ ಪ್ಲೀಡರ್ ಆಗಿದ್ದರು. ಅವರ ತಗಡಿನ ಪೆಟ್ಟಿಗೆಯಲ್ಲಿ ಒಂದು ಛಾಪಾ ಕಾಗದ ಸಿಕ್ಕಿತು. ನಾಲ್ಕು ಮಡಿಕೆ, ಮಡಿಚಿದ ಗೆರೆಯಲ್ಲೆಲ್ಲ ತೂತು. ಅವರ ಮೊದಲ ವಕೀಲಿ ಸರ್ಟಿಫಿಕೇಟು ಅದು. ತಾರೀಕು 1911ರ ಜುಲೈ 3, ಅವಧಿ ಅದೇ ವರ್ಷದ ಡಿಸೆಂಬರ್ ಕೊನೆಯವರೆಗೆ.

ಅಣ್ಣನ ಮಗಳು ಅದನ್ನು ಬೆಳಕಿಗೆ ಹಿಡಿದು, "ಅತ್ತೆ, ಇದೆಂಥ, ಆರೇ ತಿಂಗಳ ಲೈಸೆನ್ಸಾ?" ಅಂದಳು.

ಅಜ್ಜಿ ಹೇಳುತ್ತಿದ್ದ ಕಥೆ ನನಗೆ ನೆನಪಿತ್ತು. ಪಿಜ್ಜ ವರ್ಷದ ಮೊದಲೇ ಪರೀಕ್ಷೆ ಪಾಸಾಗಿದ್ದರು, ಆದರೆ ಜ್ವರ ಬಂದು ಮಲಗಿದ್ದಕ್ಕೆ ಕೆಲಸಕ್ಕೆ ಸೇರುವುದು ತಡವಾಯಿತು ಅಂತ. ಇರಬಹುದು. ಆದರೆ ನಾನು ಟೆಲಿಫೋನ್ ಇಲಾಖೆಯಲ್ಲಿ ಟ್ರಂಕ್ ಆಪರೇಟರ್ ಆಗಿ, ಅಂದರೆ ದೂರದೂರಿನ ಕರೆ ಜೋಡಿಸುವವಳಾಗಿ ಸೇರಿ, ರೂಲ್ಸ್ ಪುಸ್ತಕದ ಜೊತೆಗೇ ಮುದುಕಿಯಾದವಳು. ಸೋಮವಾರ, ಜುಲೈ 3 ಅಂದ ಕೂಡಲೇ ನನಗೆ ಏನೋ ವಾಸನೆ ಹೊಡೆಯಿತು. ಗೆಜೆಟ್ ಅಂದರೆ ಸರ್ಕಾರ ತನ್ನ ನಿಯಮ, ಅಧಿಸೂಚನೆಗಳನ್ನು ಅಚ್ಚು ಹಾಕುವ ಪತ್ರಿಕೆ. ಅದನ್ನು ಹುಡುಕುವ ಹುಚ್ಚು ಹಿಡಿದದ್ದು ಅಲ್ಲಿಂದ. ಈಗ ಪರಿಚಯದವರು ತಮ್ಮ ಮನೆಯ ಕಾಗದ ಹಿಡಿದುಕೊಂಡು ಬರುತ್ತಾರೆ. ಎಲ್ಲರಿಗೂ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಊರು ಯಾರ ಕೈಯಲ್ಲಿತ್ತು?

ಈಗಿನ ಕರ್ನಾಟಕದ ಮ್ಯಾಪನ್ನು ಪಕ್ಕಕ್ಕಿಡಿ. ಮಂಗಳೂರು, ಉಡುಪಿ, ಬಳ್ಳಾರಿ, ಕೊಳ್ಳೇಗಾಲದವರು ಮದ್ರಾಸ್ ಸರ್ಕಾರದ ಫೋರ್ಟ್ ಸೇಂಟ್ ಜಾರ್ಜ್ ಗೆಜೆಟ್ ನೋಡಬೇಕು. ಧಾರವಾಡ, ಬೆಳಗಾವಿ, ವಿಜಾಪುರದವರು ಬೊಂಬಾಯಿ ಸರ್ಕಾರದ ಗೆಜೆಟ್ ನೋಡಬೇಕು. ಕಾರವಾರ, ಶಿರಸಿ ಕಡೆಯವರು ಸ್ವಲ್ಪ ಜಾಗ್ರತೆ. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಬೊಂಬಾಯಿಗೆ ಹೋಯಿತು, ಅದಕ್ಕೂ ಹಿಂದಿನದು ಬೇಕಾದರೆ ಮದ್ರಾಸಿನ ಕಟ್ಟನ್ನೇ ಬಿಚ್ಚಬೇಕು. ಕೊಡಗಿಗೆ ಬೇರೆ ಗೆಜೆಟ್. ಮೈಸೂರು ಸೀಮೆ, ನಿಜಾಮರ ಸೀಮೆಗೆ ಅವರವರದೇ ಕಾಯ್ದೆ. ಬೆಂಗಳೂರಿನದಂತೂ ತಮಾಷೆ. ಪೇಟೆ ಮೈಸೂರು ಸರ್ಕಾರದ್ದು, ದಂಡು, ಅಂದರೆ ಕಂಟೋನ್ಮೆಂಟು, 1947ರ ಜುಲೈವರೆಗೂ ಬ್ರಿಟಿಷ್ ರೆಸಿಡೆಂಟರ ಆಡಳಿತದ್ದು. ಮುತ್ತಾತನ ಮನೆ ಯಾವ ಬೀದಿಯಲ್ಲಿತ್ತು ಅನ್ನುವುದರ ಮೇಲೆ ಕಾಯ್ದೆಯೇ ಬೇರೆಯಾಗುತ್ತದೆ.

ಇದನ್ನು ಸುಮ್ನೆ ಹೇಳುತ್ತಿಲ್ಲ. ವಕೀಲರ ಲೈಸೆನ್ಸಿಗೆ ಮದ್ರಾಸ್ ಕಡೆ ನಡೆಯುತ್ತಿದ್ದದ್ದು 1879ರ ಲೀಗಲ್ ಪ್ರಾಕ್ಟೀಷನರ್ಸ್ ಆಕ್ಟ್, ಆ ವರ್ಷದ 18ನೇ ಕಾಯ್ದೆ. ಬೊಂಬಾಯಿ ಕಡೆಯ ಜಿಲ್ಲಾ ಕೋರ್ಟುಗಳ ಪ್ಲೀಡರುಗಳಿಗೆ 1827ರ ಎರಡನೇ ರೆಗ್ಯುಲೇಷನ್ನೇ ಬಹಳ ಕಾಲ ಉಳಿದಿತ್ತು, ಆಮೇಲೆ 1920ರ ಬಾಂಬೆ ಪ್ಲೀಡರ್ಸ್ ಆಕ್ಟ್ ಬಂತು. ಅಲ್ಲಿ ಆ ಕಾಗದಕ್ಕೆ ಸನದು ಅಂತಲೇ ಹೆಸರು. ಧಾರವಾಡದ ಒಬ್ಬರಿಗಾಗಿ ನಾನು 1879ರ ಕಾಯ್ದೆಯಲ್ಲಿ ಮೂರು ದಿನ ತಲೆ ಕೆಡಿಸಿಕೊಂಡಿದ್ದೇನೆ. ತಪ್ಪು ನನ್ನದೇ.

ಟೆಲಿಫೋನಿನ ದಾರಿ ಬೇರೆ. ಅದರ ನಿಯಮ ಪ್ರಾಂತ್ಯದ್ದಲ್ಲ, ಇಂಡಿಯಾ ಸರ್ಕಾರದ್ದು. ಆದ್ದರಿಂದ ಗೆಜೆಟ್ ಆಫ್ ಇಂಡಿಯಾ ನೋಡಿ.

ಟೆಲಿಫೋನ್ ಅಂತ ಹುಡುಕಿದರೆ ಸಿಗುವುದಿಲ್ಲ

ಟೆಲಿಫೋನ್ ನಿಯಮಗಳಿಗಾಗಿ ಇಂಡೆಕ್ಸಿನಲ್ಲಿ ನಾನು ಮೊದಲು ನೋಡಿದ್ದು 'ಟೆಲಿಫೋನ್' ಅಂತ. ಏನೂ ಸಿಗಲಿಲ್ಲ. ನನ್ನ ಬುದ್ಧಿಗೆ ಏನು ಹೇಳಲಿ! ನಾನು ಕೆಲಸಕ್ಕೆ ಸೇರಿದಾಗ ಇಲಾಖೆಯ ಹೆಸರೇ ಪೋಸ್ಟ್ಸ್ ಅಂಡ್ ಟೆಲಿಗ್ರಾಫ್ಸ್, ಪಿ ಅಂಡ್ ಟಿ. ಆ 'ಟಿ' ಟೆಲಿಗ್ರಾಫಿನದು. ಎಲ್ಲಕ್ಕೂ ತಾಯಿಬೇರು 1885ರ ಇಂಡಿಯನ್ ಟೆಲಿಗ್ರಾಫ್ ಆಕ್ಟ್. ಅದರ 3ನೇ ಕಲಮಿನಲ್ಲಿ ಟೆಲಿಗ್ರಾಫ್ ಅಂದರೆ ಏನು ಅಂತ ವಿವರಿಸುವಾಗಲೇ ಟೆಲಿಫೋನನ್ನೂ ಒಳಗೆ ಸೇರಿಸಿಬಿಟ್ಟಿದ್ದಾರೆ. 4ನೇ ಕಲಮಿನಲ್ಲಿ ತಂತಿ ಎಳೆಯುವ ಹಕ್ಕು ಸರ್ಕಾರಕ್ಕೆ ಮಾತ್ರ, ಬೇರೆಯವರಿಗೆ ಬೇಕಾದರೆ ಸರ್ಕಾರ ಷರತ್ತು ಹಾಕಿ, ದುಡ್ಡು ಪಡೆದು ಲೈಸೆನ್ಸು ಕೊಡಬಹುದು. ದರಗಳ ನಿಯಮ 7ನೇ ಕಲಮಿನ ಕೆಳಗೆ. ಈ ಮೂರು ನಂಬರ್ ಬರೆದಿಟ್ಟುಕೊಂಡರೆ ಸಾಕು. 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಪಾಸಾಗುವವರೆಗೂ ನಮ್ಮ ಇಲಾಖೆ ಉಂಡದ್ದು ಇದೇ ಕಾಯ್ದೆಯ ಅನ್ನ.

ಲೈಸೆನ್ಸು ಕೊಟ್ಟು ನಡೆಸುವ ಪದ್ಧತಿ ಈ ಕಾಯ್ದೆಗಿಂತ ಹಳೆಯದು. ಕಲ್ಕತ್ತ, ಬೊಂಬಾಯಿ, ಮದ್ರಾಸಿನ ಎಕ್ಸ್‌ಚೇಂಜುಗಳು 1882ರಲ್ಲಿ ಶುರುವಾದವು. ನಡೆಸಿದ್ದು ಇಂಗ್ಲೆಂಡಿನ ಓರಿಯಂಟಲ್ ಟೆಲಿಫೋನ್ ಕಂಪನಿ. ಕಲ್ಕತ್ತದ ಎಕ್ಸ್‌ಚೇಂಜಿನಲ್ಲಿ ಆರಂಭಕ್ಕೆ ಇದ್ದ ಚಂದಾದಾರರು 93 ಮಂದಿ. ನನ್ನ ಬೋರ್ಡಿನಲ್ಲಿ ಒಬ್ಬಳೇ ನೋಡಿಕೊಳ್ಳುತ್ತಿದ್ದ ಲೈನುಗಳೇ ಅದಕ್ಕಿಂತ ಜಾಸ್ತಿ ಇದ್ದವು! ಈ ಮೂರು ನಗರಗಳ ಕಂಪನಿಗಳನ್ನು ಸರ್ಕಾರ ತೆಗೆದುಕೊಂಡದ್ದು 1943ರಲ್ಲಿ. ಹಾಗಾಗಿ ಮನೆಯಲ್ಲಿ ಹಳೇ ಟೆಲಿಫೋನ್ ರಸೀದಿ ಸಿಕ್ಕಿದರೆ, ಅದು ಕಂಪನಿಯದೋ ಇಲಾಖೆಯದೋ ಅಂತ ಮೊದಲು ನೋಡಿ.

ತಲೆ ಬಿಟ್ಟು ಬಾಲದಿಂದ ಓದಿ

ಪ್ರತಿ ಅಧಿಸೂಚನೆಯ ತಲೆಯಲ್ಲೂ ಒಂದೇ ರಾಗ. ಇಂಥ ಕಾಯ್ದೆಯ ಇಂಥ ಕಲಮಿನ ಅಧಿಕಾರದಿಂದ ಗವರ್ನರ್ ಜನರಲ್ ಸಂತೋಷಪಟ್ಟು ಈ ನಿಯಮ ಮಾಡಿದ್ದಾರೆ. ನಮ್ಮ ಜೇಬಿನಿಂದ ದುಡ್ಡು ಹೋಗುವುದಕ್ಕೆ ಅವರಿಗೆಂಥ ಸಂತೋಷವೋ! ಅಲ್ಲಿಂದ ಮೂರೇ ಸಂಗತಿ ಬರೆದುಕೊಳ್ಳಿ: ನಂಬರು, ತಾರೀಕು, ಯಾವ ಕಲಂ. ಇದು ಕರಡೋ, ಕಾಯಂ ನಿಯಮವೋ ಅನ್ನುವುದನ್ನೂ ನೋಡಿ. ಜನರ ಆಕ್ಷೇಪಣೆ ಕೇಳಲು ಮೊದಲು ಕರಡು ಅಚ್ಚು ಹಾಕುತ್ತಿದ್ದದ್ದುಂಟು. ಕರಡಿನ ದರವನ್ನೇ ನಿಜವಾದ ದರ ಅಂದುಕೊಂಡರೆ ಲೆಕ್ಕವೆಲ್ಲ ಕೆಡುತ್ತದೆ.

ಆಮೇಲೆ ಸೀದಾ ಕೊನೆಗೆ ಹೋಗಿ. ಷೆಡ್ಯೂಲು, ಅಂದರೆ ಕೊನೆಯ ಪಟ್ಟಿ. ದುಡ್ಡು ಇರುವುದು ಅಲ್ಲಿ. ಪಟ್ಟಿ ಆದ ಮೇಲೆ ಕಲಮುಗಳಿಗೆ ವಾಪಸು ಬಂದು 'ಪ್ರೊವೈಡೆಡ್ ದಟ್' ಅಂತ ಶುರುವಾಗುವ ಸಾಲುಗಳನ್ನು ಮಾತ್ರ ಹೆಕ್ಕಿ. ನಮ್ಮ ಕಾನೂನಿನ ಕನ್ನಡದಲ್ಲಿ ಅದಕ್ಕೆ ಪರಂತುಕ ಅಂತಾರೆ. ನಿಯಮ ಎಲ್ಲರಿಗೂ ಒಂದೇ. ನಿಮ್ಮ ಮನೆಯವರು ಬಳಸಿಕೊಂಡ ಸಂದಿ ಇರುವುದು ಪರಂತುಕದಲ್ಲಿ.

ಪಿಜ್ಜನ ಗುಟ್ಟು ಸಿಕ್ಕಿದ್ದು ಹೀಗೆಯೇ. 1879ರ ಕಾಯ್ದೆಯ 7ನೇ ಕಲಂ ಪ್ರಕಾರ ಪ್ಲೀಡರ್ ಸರ್ಟಿಫಿಕೇಟು ಆ ವರ್ಷದ ಕೊನೆಯವರೆಗೆ ಮಾತ್ರ. ಮುಂದೆ ಬೇಕಿದ್ದರೆ ಜಿಲ್ಲಾ ಕೋರ್ಟಿನ ಜಡ್ಜರ ಹತ್ತಿರ ನವೀಕರಣ ಮಾಡಿಸಿಕೊಳ್ಳಬೇಕು. ಅಂದರೆ ಅಣ್ಣನ ಮಗಳು ಕೇಳಿದ 'ಆರು ತಿಂಗಳು' ವಿಚಿತ್ರವೇನಲ್ಲ. ಕ್ಯಾಲೆಂಡರ್ ವರ್ಷ ಮುಗಿದರೆ ಲೈಸೆನ್ಸೂ ಮುಗಿಯಿತು. ಇನ್ನು 25ನೇ ಕಲಂ: ಸರ್ಟಿಫಿಕೇಟನ್ನು ಛಾಪಾ ಕಾಗದದ ಮೇಲೆಯೇ ಬರೆಯಬೇಕು. ಛಾಪಾದ ಬೆಲೆ ಯಾವ ದರ್ಜೆಯ ಕೋರ್ಟು ಅನ್ನುವುದರ ಮೇಲೆ. ಅದರ ಪರಂತುಕ ಏನು ಗೊತ್ತಾ? ಜುಲೈ 1 ಅಥವಾ ಆಮೇಲೆ ಕೊಟ್ಟ ಸರ್ಟಿಫಿಕೇಟಿಗೆ ಅರ್ಧ ಬೆಲೆಯ ಛಾಪಾ ಸಾಕು.

1911ರಲ್ಲಿ ಜುಲೈ 1 ಶನಿವಾರ. ಪಿಜ್ಜ ಸೋಮವಾರ ಬೆಳಿಗ್ಗೆ ಹೋಗಿದ್ದಾರೆ. ಜ್ವರ ಬಂದಿದ್ದರೂ ಬಂದಿರಬಹುದು, ಅಜ್ಜಿಯ ಮಾತು ಸುಳ್ಳೆನ್ನಲಾರೆ. ಆದರೆ ಬಹಳ ಲೆಕ್ಕ ಗೊತ್ತಿದ್ದ ಜ್ವರ ಅದು.

ರೂಪಾಯಿ, ಆಣೆ, ಪೈ

ಚಿಕ್ಕವರು ಎಡವುವುದು ಇಲ್ಲಿ. 12-8-0 ಅಂತ ಇದ್ದರೆ ಅದು ತಾರೀಕಲ್ಲ. ಹನ್ನೆರಡು ರೂಪಾಯಿ ಎಂಟಾಣೆ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಹನ್ನೆರಡೂವರೆ ರೂಪಾಯಿ ಅನ್ನಿ. 1957ರ ಏಪ್ರಿಲ್ 1ಕ್ಕೆ ನಯಾಪೈಸೆ ಬರುವವರೆಗೂ ಇದೇ ಲೆಕ್ಕ.

ಟೆಲಿಫೋನ್ ದರದಲ್ಲಿ ಇನ್ನೊಂದು ಗೂಟ ಇದೆ, 'ಅಥವಾ ಅದರ ಭಾಗ'. ನಾನೇ ಕಟ್ಟಿದ ಒಂದು ಲೆಕ್ಕ ಹೇಳುತ್ತೇನೆ, ನಿಜವಾದ ದರ ಅಂದುಕೊಳ್ಳಬೇಡಿ. ಎಕ್ಸ್‌ಚೇಂಜಿನ ಸುತ್ತ ಒಂದು ಮೈಲಿಯೊಳಗೆ ವರ್ಷದ ಬಾಡಿಗೆ 187-8-0. ಅದರಾಚೆ ಪ್ರತಿ ಕಾಲು ಮೈಲಿಗೆ ಅಥವಾ ಅದರ ಭಾಗಕ್ಕೆ 6-4-0. ನಿಮ್ಮ ತಾತನ ಅಂಗಡಿ ಆ ಗೆರೆಯಿಂದ ಐದು ಫರ್ಲಾಂಗು ಆಚೆಗಿದೆ. ಕಾಲು ಮೈಲಿ ಅಂದರೆ ಎರಡು ಫರ್ಲಾಂಗು. ಐದಕ್ಕೆ ಎರಡೂವರೆ ಕಾಲು ಆಯಿತು. ಆದರೆ ಆ ಅರ್ಧಕ್ಕೂ ಪೂರ್ತಿ ದರವೇ, ಅಂದರೆ ಮೂರು. ಮೂರು ಸಲ 6-4-0 ಅಂದರೆ 18-12-0. ಬಾಡಿಗೆಗೆ ಕೂಡಿಸಿದರೆ 206-4-0.

ದೂರವನ್ನು ಹೇಗೆ ಅಳೆದರು ಅನ್ನುವುದನ್ನೂ ನೋಡಬೇಕು. ರಸ್ತೆಯ ದೂರವೋ, ನೇರ ಗೆರೆಯ ದೂರವೋ? ನನ್ನ ಕಾಲದಲ್ಲಿ ಟ್ರಂಕ್ ಕಾಲಿಗೆ ನೇರ ಗೆರೆಯ ದೂರ, ರೇಡಿಯಲ್ ಡಿಸ್ಟನ್ಸ್ ಅಂತಿದ್ದೆವು. ಮೂರು ನಿಮಿಷ ಒಂದು ಯೂನಿಟ್. ಮಗು ಹುಟ್ಟಿತು ಅಂತ ಹೇಳಿ ನಲವತ್ತು ಸೆಕೆಂಡಿಗೆ ಫೋನ್ ಇಟ್ಟವರ ಟಿಕೇಟಿನ ಮೇಲೂ ನಾನು ಮೂರು ನಿಮಿಷ ಬರೆದಿದ್ದೇನೆ. ಅಯ್ಯೋ ಅನ್ನಿಸುತ್ತಿತ್ತು. ನಿಯಮ ನಿಯಮವೇ.

ಸಣ್ಣ ಪದಗಳು

'ಇನ್‌ಸ್ಟಂಟ್' ಅಂದರೆ ಇದೇ ತಿಂಗಳು, 'ಅಲ್ಟಿಮೋ' ಕಳೆದ ತಿಂಗಳು, 'ಪ್ರಾಕ್ಸಿಮೋ' ಮುಂದಿನ ತಿಂಗಳು. 'ರಿಜಿಸ್ಟರ್ಡ್' ಬೇರೆ, 'ಲೈಸೆನ್ಸ್ಡ್' ಬೇರೆ. ಡಾಕ್ಟರುಗಳಿಗೆ ಬೊಂಬಾಯಿಯಲ್ಲಿ 1912ರಲ್ಲಿ, ಮದ್ರಾಸಿನಲ್ಲಿ 1914ರಲ್ಲಿ ನೋಂದಣಿ ಕಾಯ್ದೆ ಬಂತು. ರಿಜಿಸ್ಟರಿನಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ನಿಮ್ಮ ಪಂಡಿತರ ಮನೆತನ ಕಳ್ಳವೈದ್ಯ ಮಾಡುತ್ತಿತ್ತು ಅಂತ ತೀರ್ಮಾನಿಸಬೇಡಿ.

'ಪರ್ಸನ್' ಅನ್ನುವ ಪದಕ್ಕೆ ಒಂದು ನಿಮಿಷ ಕೊಡಿ. 1916ರಲ್ಲಿ ರೆಜಿನಾ ಗುಹಾ ಅನ್ನುವ ಹೆಣ್ಣುಮಗಳು ಅಲಿಪುರದ ಕೋರ್ಟಿನಲ್ಲಿ ಪ್ಲೀಡರ್ ಆಗಬೇಕು ಅಂತ ಅರ್ಜಿ ಹಾಕಿದರು. 1879ರ ಕಾಯ್ದೆಯಲ್ಲಿ ಇದ್ದದ್ದು 'ಪರ್ಸನ್', ಅಂದರೆ ವ್ಯಕ್ತಿ ಅಂತ, ಗಂಡಸರು ಮಾತ್ರ ಅಂತ ಎಲ್ಲೂ ಇಲ್ಲ. ಪುಲ್ಲಿಂಗದಲ್ಲಿ ಹೇಳಿದ್ದು ಹೆಂಗಸರಿಗೂ ಅನ್ವಯ ಅನ್ನುವ ಸಾಮಾನ್ಯ ನಿಯಮವೂ ಇತ್ತು. ಆದರೂ ಕಲ್ಕತ್ತ ಹೈಕೋರ್ಟು ಆಗುವುದಿಲ್ಲ ಅಂದಿತು. ಅದನ್ನು ಸರಿಮಾಡಲು 1923ರಲ್ಲಿ ಬೇರೆಯೇ ಕಾಯ್ದೆ ಬೇಕಾಯಿತು. ಆದ್ದರಿಂದ ನಿಮ್ಮ ಮನೆಯ ಅಜ್ಜಿಯೊಬ್ಬರು ಅದಕ್ಕೂ ಮೊದಲೇ ಪ್ಲೀಡರ್ ಆಗಿದ್ದರು ಅಂತ ಯಾರಾದರೂ ಹೇಳಿದರೆ, ಕಾಗದ ಕೇಳಿ ನೋಡಿ. ಗೆಜೆಟಿನಲ್ಲಿರುವ ಅಕ್ಷರ ಒಂದು, ಕೋರ್ಟು ಓದಿದ್ದು ಇನ್ನೊಂದು ಆಗಿರಬಹುದು.

ದಂಡದ ಕಲಂ ಬಿಡಬೇಡಿ

1879ರ ಕಾಯ್ದೆಯ 32ನೇ ಕಲಂ ನನಗೆ ಬಹಳ ಇಷ್ಟ. ಸರ್ಟಿಫಿಕೇಟಿಲ್ಲದೆ ವಾದ ಮಾಡಿದರೆ ಛಾಪಾ ಬೆಲೆಯ ಹತ್ತು ಪಟ್ಟಿನವರೆಗೆ ದಂಡ. ಕಟ್ಟದಿದ್ದರೆ ಆರು ತಿಂಗಳವರೆಗೆ ಸಿವಿಲ್ ಜೈಲು. ಸಾಲದ್ದಕ್ಕೆ, ಅಂಥ ಕೆಲಸದ ಫೀಜಿಗಾಗಿ ಕಕ್ಷಿದಾರನ ಮೇಲೆ ದಾವೆ ಹಾಕುವ ಹಾಗೂ ಇಲ್ಲ. ಕಕ್ಷಿದಾರರಿಗೆ ಮಜಾ ಅಲ್ವಾ!

36ನೇ ಕಲಂ ಇನ್ನೂ ಸ್ವಾರಸ್ಯದ್ದು. ಕೋರ್ಟಿನ ಅಂಗಳದಲ್ಲಿ ಕಕ್ಷಿದಾರರನ್ನು ಹಿಡಿದು ವಕೀಲರಿಗೆ ಒಪ್ಪಿಸಿ ಕಮಿಷನ್ ತಿನ್ನುವ ದಲ್ಲಾಳಿಗಳ ಪಟ್ಟಿ ಮಾಡಿ, ಅದನ್ನು ಕೋರ್ಟಿನಲ್ಲೇ ತೂಗುಹಾಕಬೇಕಿತ್ತು. ಮನೆತನದ ಇತಿಹಾಸ ಹುಡುಕುವವರು ಈ ಪಟ್ಟಿ ಕೇಳುವುದೇ ಇಲ್ಲ. ಕೇಳಿ. ಎಲ್ಲರ ಪೂರ್ವಜರೂ ಜಡ್ಜರಾಗಿರುವುದಿಲ್ಲ.

ಎಲ್ಲಿ ಸಿಗುತ್ತದೆ, ಹೇಗೆ ಬರೆದಿಟ್ಟುಕೊಳ್ಳಬೇಕು

ಬೆಂಗಳೂರಿನಲ್ಲಿ ರಾಜ್ಯ ಪತ್ರಾಗಾರ ಇದೆ. ಮದ್ರಾಸಿನ ದಾಖಲೆಗೆ ಚೆನ್ನೈನ ಎಗ್ಮೋರಿನಲ್ಲಿರುವ ಪತ್ರಾಗಾರ, ಬೊಂಬಾಯಿಯದಕ್ಕೆ ಮುಂಬೈನ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡ. ಕೆಲವು ಸಂಪುಟ ಸ್ಕ್ಯಾನ್ ಆಗಿ ಇಂಟರ್ನೆಟ್ಟಿನಲ್ಲಿವೆ. ಆದರೆ ಅಕ್ಷರ ಗುರುತಿಸುವ ಸಾಫ್ಟ್‌ವೇರು ಹಳೇ ಅಚ್ಚಿನ ಮುಂದೆ ತಡವರಿಸುತ್ತದೆ, ಹೆಸರು ಹಾಕಿ ಹುಡುಕಿದರೆ ಸಾಲದು. ತಾರೀಕು ಹಿಡಿದು ಪುಟ ತಿರುವಬೇಕು. ಫೋಟೋ ತೆಗೆಯಲು ಬಿಟ್ಟರೆ ಮೊದಲು ಪುಸ್ತಕದ ಬೆನ್ನು, ಆಮೇಲೆ ಪುಟದ ಮೇಲ್ತುದಿ, ಆಮೇಲೆ ನಿಮ್ಮ ಸಾಲು. ನನ್ನ ಫೋನಿನಲ್ಲಿ ಯಾವ ಸಂಪುಟದ್ದೆಂದೇ ಗೊತ್ತಿಲ್ಲದ ಅರವತ್ತು ಪುಟ ಕೂತಿವೆ.

ನಿಯಮ ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ. ಮುಂದಿನ ವರ್ಷಗಳ ಇಂಡೆಕ್ಸಿನಲ್ಲಿ ತಿದ್ದುಪಡಿ ಇದೆಯೇ ನೋಡಿ. 'ಇಂಥ ಪದದ ಬದಲು ಇಂಥ ಪದ' ಅಂತ ಒಂದೇ ಸಾಲಿನಲ್ಲಿ ದರ ಬದಲಾಗಿರುತ್ತದೆ. ಮನೆಯ ಕಾಗದಗಳನ್ನೂ ತಾರೀಕಿನ ಪ್ರಕಾರ ಜೋಡಿಸಿ, ಒಂದನ್ನೇ ನೋಡಿ ಕಥೆ ಕಟ್ಟಬೇಡಿ.

ಪಿಜ್ಜನ ಕಾಗದಗಳನ್ನು ಜೋಡಿಸಿದ್ದು ಅಣ್ಣನ ಮಗಳು. 1911ರದ್ದರ ಕೆಳಗೆ 1912ರದ್ದು ಬಂತು. ತಾರೀಕು ಜನವರಿಯದು, ಛಾಪಾ ಹಿಂದಿನ ವರ್ಷದ ಎರಡು ಪಟ್ಟು.